ಬಸುರಾಗುವ ಮುನ್ನ ತಪ್ಪದೆ ಓದಿ

ಹೆರಿಗೆ ರಜೆಗೂ ಆ ರಜೆಯ ಸಂಬಳಕ್ಕೂ ಅರ್ಹರಾಗಬಯಸುವ ಮಹಿಳೆಯರಿಗಾಗಿ ಈ ಕೈಪಿಡಿ. ಗರ್ಭ ನಿಲ್ಲುವುದಕ್ಕೆ ಮುಂಚೆಯೇ ಓದಿಕೊಂಡರೆ ಉತ್ತಮ. ಆಗಲೇ ನಿಂತಿದ್ದರೆ ಇವತ್ತೇ ಓದತಕ್ಕದ್ದು. ಹೆತ್ತೇ ಬಿಟ್ಟಿದ್ದರೂ ಪರವಾಗಿಲ್ಲ, ಮಗು ಮಲಗಿದಾಗ ಓದಿ. ಹೆರಿಗೆಯಾದ ಮೇಲೆ ನೋಟಿಸು ಕೊಡುವುದಕ್ಕೂ ಕಾನೂನು ಅವಕಾಶ ಇಟ್ಟಿದೆ. ಈ ಸಂಗತಿ ನಿಮಗೆ ಯಾರೂ ಹೇಳಿರುವುದಿಲ್ಲ, ಏಕೆಂದರೆ ಹೇಳಬೇಕಾದವರಿಗೆ ಅದರಿಂದ ಲಾಭವಿಲ್ಲ.

ತಾಯಿಯಾಗುವುದಕ್ಕೆ ಈ ದೇಶದಲ್ಲಿ ಯಾವ ಅರ್ಹತೆಯೂ ಬೇಕಿಲ್ಲ. ಮದುವೆಯಾದ ಮೂರನೇ ತಿಂಗಳಿಗೇ ‘ಏನಾದ್ರೂ ವಿಶೇಷ ಇದೆಯಾ?’ ಎಂದು ಕೇಳುವ ನೆಂಟರು ನಿಮ್ಮ ಸಂಬಳದ ಚೀಟಿ ಕೇಳಿದ್ದುಂಟೆ? ರಜೆಗೆ ಮಾತ್ರ ಅರ್ಹತೆ ಬೇಕು. ಆದ್ದರಿಂದ ಕೆಳಗಿನ ಸೂಚನೆಗಳನ್ನು ಕ್ರಮವಾಗಿ ಪಾಲಿಸಿ. ಕ್ರಮ ತಪ್ಪಿದರೆ ಮಗು ಹುಟ್ಟುತ್ತದೆ, ದುಡ್ಡು ಹುಟ್ಟುವುದಿಲ್ಲ.

ಸೂಚನೆ 1: ಮಾಲೀಕರನ್ನು ನೋಡಿ ಆರಿಸಿಕೊಳ್ಳುವುದು

ಮದುವೆಗೆ ಮುಂಚೆ ನಿಮ್ಮ ಮನೆಯವರು ಹುಡುಗನ ಗೋತ್ರ, ನಕ್ಷತ್ರ, ಆದಾಯ, ಮೇಲಾದಾಯ ಎಲ್ಲ ವಿಚಾರಿಸಿದರು. ಅವನ ಜಾತಕಕ್ಕಿಂತ ನಿಮ್ಮ ಮಾಲೀಕರ ಹಾಜರಿ ಪುಸ್ತಕ ನೋಡಬೇಕಾಗಿತ್ತು. 1961ರ ಹೆರಿಗೆ ಸೌಲಭ್ಯ ಕಾಯ್ದೆ ಅಂಗಡಿ, ಕಚೇರಿಗಳ ಮಟ್ಟಿಗೆ ಹತ್ತು ಜನ ನೌಕರರಿರುವ ಕಡೆ ಮಾತ್ರ ನಡೆಯುತ್ತಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದು ಕೂತಿದೆ. ಹತ್ತರ ಲೆಕ್ಕ ಅಲ್ಲೂ ಹಾಗೇ ಇದೆ.

ಚಿಕ್ಕಪೇಟೆಯ ಯಾವುದೋ ಸೀರೆ ಅಂಗಡಿಯಲ್ಲಿ ಒಂಬತ್ತನೆಯವರಾಗಿ ಸೇರಿಕೊಂಡಿದ್ದೀರಿ ಎಂದಿಟ್ಟುಕೊಳ್ಳಿ. ಗಾಬರಿ ಬೇಡ. ಕಳೆದ ಹನ್ನೆರಡು ತಿಂಗಳಲ್ಲಿ ಯಾವುದಾದರೂ ಒಂದು ದಿನ ಅಲ್ಲಿ ಹತ್ತು ಜನ ಕೆಲಸ ಮಾಡಿದ್ದರೂ ಕಾನೂನಿಗೆ ಸಾಕು. ದೀಪಾವಳಿ ಸೀಸನ್ನಿಗೆಂದು ಇಬ್ಬರು ಹುಡುಗರನ್ನು ಹೆಚ್ಚಿಗೆ ಹಾಕಿಕೊಂಡಿದ್ದರಲ್ಲ, ನೆನಪು ಮಾಡಿಕೊಳ್ಳಿ. ಅವರೇ ನಿಮ್ಮ ಮಗುವಿನ ಸೋದರಮಾವಂದಿರು. ಅವರು ಬಂದಿದ್ದಕ್ಕೆ ಸಾಕ್ಷಿ ಹುಡುಕಿಡುವುದು ನಿಮ್ಮ ಕೆಲಸ.

ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುವವರಿಗೆ ನಾಲ್ಕು ಜನ ಮಾಲೀಕರಿದ್ದಾರೆ, ಆದರೆ ಪ್ರತಿ ಮಾಲೀಕರಿಗೂ ಇರುವ ನೌಕರರು ಇವರೊಬ್ಬರೇ. ನಾಲ್ಕನ್ನು ಕೂಡಿಸುವ ಹಾಗಿಲ್ಲ, ಕೂಡಿಸಿದರೂ ಹತ್ತಾಗುವುದಿಲ್ಲ. ಹೊಲದಲ್ಲಿ ಕಳೆ ಕೀಳುವವರ ಪಾಡೂ ಇದೇ. ಇವರು ಮಧ್ಯದ ಸೂಚನೆಗಳನ್ನೆಲ್ಲ ಬಿಟ್ಟು ನೇರವಾಗಿ ಸೂಚನೆ 5ರ ಕೊನೆಗೆ, ಅಂಗನವಾಡಿಯ ಬಾಗಿಲಿಗೆ ಹೋಗತಕ್ಕದ್ದು. ಇನ್ನು ನೀವು ರಾಜ್ಯ ಸರ್ಕಾರದ ಕಾಯಂ ನೌಕರರಾಗಿದ್ದರೆ 180 ದಿನ ಪೂರ್ತಿ ಸಂಬಳದ ರಜೆಯಿದೆ. ಈ ಕೈಪಿಡಿ ನಿಮಗೆ ಬರೀ ಮನರಂಜನೆ.

ಸೂಚನೆ 2: ದಿನ ಎಣಿಸುವುದು

ಅಜ್ಜಿ ತಿಂಗಳು ಎಣಿಸುತ್ತಾಳೆ, ಡಾಕ್ಟರು ವಾರ ಎಣಿಸುತ್ತಾರೆ, ಕಾನೂನು ದಿನ ಎಣಿಸುತ್ತದೆ. ಹೆರಿಗೆಯ ಅಂದಾಜು ತಾರೀಖಿನಿಂದ ಹಿಂದಕ್ಕೆ ಹನ್ನೆರಡು ತಿಂಗಳು ಹೋಗಿ. ಅಷ್ಟರೊಳಗೆ 80 ದಿನ ಕೆಲಸ ಮಾಡಿದ್ದರೆ ನೀವು ಪಾಸು. ಸಂಬಳ ಸಮೇತ ಸಿಕ್ಕ ರಜಾದಿನಗಳೂ, ಕೆಲಸವಿಲ್ಲವೆಂದು ಕಾರ್ಖಾನೆಯೇ ಮನೆಗೆ ಕಳಿಸಿದ ದಿನಗಳೂ ಇದರಲ್ಲಿ ಸೇರುತ್ತವೆ. ಮುಂಚೆ ಇದು 160 ದಿನ ಇತ್ತು, 1988ರ ತಿದ್ದುಪಡಿಯಲ್ಲಿ ಅರ್ಧಕ್ಕೆ ಇಳಿಯಿತು.

ಈ 80ರಲ್ಲಿ ಒಂದು ಸೂಕ್ಷ್ಮವಿದೆ, ಸಾವಧಾನವಾಗಿ ಓದಿ. ಕೆಲಸಕ್ಕೆ ಸೇರುವಾಗಲೇ ನಿಮಗೆ ಮೂರು ತಿಂಗಳಾಗಿದ್ದರೂ ಕಾನೂನಿಗೆ ಅಭ್ಯಂತರವಿಲ್ಲ. ಉಳಿದ ಆರು ತಿಂಗಳಲ್ಲಿ 80 ದಿನ ತುಂಬಿಸಿದರೆ ಪೂರ್ತಿ ರಜೆ ನಿಮ್ಮದು. ಇದು ಗೊತ್ತಿರುವುದರಿಂದಲೇ ಇಂಟರ್‌ವ್ಯೂನಲ್ಲಿ, ಮೂರು ಸುತ್ತಿನ ಪ್ರಶ್ನೆಗಳೆಲ್ಲ ಮುಗಿದು ನೀವು ಬ್ಯಾಗು ಎತ್ತಿಕೊಳ್ಳುವ ಹೊತ್ತಿಗೆ, ಮೇಜಿನ ಆಚೆಯವರು ಬಹಳ ಸಲೀಸಾಗಿ ಕೇಳುತ್ತಾರೆ: ‘ಮದುವೆ ಆಗಿ ಎಷ್ಟು ವರ್ಷ ಆಯ್ತು ಮೇಡಂ? ಸದ್ಯಕ್ಕೆ ಏನಾದ್ರೂ ಪ್ಲಾನು?’ ನಿಮ್ಮ ಪಕ್ಕದಲ್ಲಿ ಕಾದು ಕೂತಿದ್ದ ಹುಡುಗನಿಗೂ ಮದುವೆಯಾಗಿದೆ. ಅವನ ಪ್ಲಾನು ಯಾರಿಗೂ ಬೇಡ.

ಈಗ ಎರಡನೇ ಎಣಿಕೆ. ತಿಂಗಳ ಸಂಬಳ 21,000 ರೂಪಾಯಿಯ ಒಳಗಿದ್ದು ಸಂಸ್ಥೆ ಇಎಸ್‌ಐ ಎಂಬ ನೌಕರರ ವಿಮೆಗೆ ಸೇರಿದ್ದರೆ 80 ಮರೆತುಬಿಡಿ, 70 ನೆನಪಿಡಿ. ಇಎಸ್‌ಐ ವರ್ಷವನ್ನು ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂದು ಎರಡು ಹೋಳು ಮಾಡಿಟ್ಟಿದೆ. ಹೆರಿಗೆಗೆ ಹಿಂದಿನ ಇಂಥ ಎರಡು ಅವಧಿಗಳಲ್ಲಿ 70 ದಿನದ ವಂತಿಗೆ ಜಮಾ ಆಗಿರಬೇಕು. ನಿಮ್ಮ ಸಂಬಳದಿಂದ ಶೇ. 0.75, ಮಾಲೀಕರ ಕಡೆಯಿಂದ ಶೇ. 3.25. ನೀವು ಎಷ್ಟು ದಿನ ದುಡಿದಿರಿ ಎನ್ನುವುದಕ್ಕಿಂತ ನಿಮ್ಮ ಹೆಸರಿನಲ್ಲಿ ಎಷ್ಟು ದಿನಕ್ಕೆ ಕಟ್ಟಿದ್ದಾರೆ ಎನ್ನುವುದೇ ಇಲ್ಲಿ ದೊಡ್ಡದು.

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಈ ಭಾಗವನ್ನು ಎರಡು ಸಲ ಓದಬೇಕು. ಒಂದು ಫ್ಯಾಕ್ಟರಿ ಬಿಟ್ಟು ಇನ್ನೊಂದಕ್ಕೆ ಹೋದಾಗ ಗೇಟಿನ ಪಕ್ಕದ ರೂಮಿನಲ್ಲಿ ಕೂತ ಹುಡುಗ ‘ಹಳೇ ಇಎಸ್‌ಐ ನಂಬರ್ ಇದೆಯಾ?’ ಎನ್ನುತ್ತಾನೆ. ಹಳೇ ಕಾರ್ಡು ಊರಲ್ಲಿ ಟ್ರಂಕಿನ ತಳದಲ್ಲಿದೆ. ಹಿಂದೆ ಇಪ್ಪತ್ತು ಜನ ಸಾಲಿನಲ್ಲಿದ್ದಾರೆ. ‘ಇಲ್ಲಣ್ಣ’ ಎನ್ನುವುದು ಸುಲಭ. ಅವನು ಹೊಸ ನಂಬರು ಕೊಡುತ್ತಾನೆ. ಅಲ್ಲಿಗೆ ನಿಮ್ಮ ಹಳೆಯ ದಿನಗಳೆಲ್ಲ ಹಳೆಯ ನಂಬರಿನಲ್ಲೇ ಉಳಿದವು, ಹೊಸ ನಂಬರು ಒಂದರಿಂದ ಎಣಿಸಲು ಶುರುಮಾಡಿತು. ಆ ನಂಬರು ಜೀವಮಾನಕ್ಕೆ ಒಂದೇ ಇರಬೇಕು. ಗಂಡನ ಮೊಬೈಲ್ ನಂಬರಿಗಿಂತ ಚೆನ್ನಾಗಿ ಬಾಯಿಪಾಠ ಮಾಡಿಕೊಳ್ಳಿ.

ಕಟ್ಟಡ ಕೆಲಸದವರ ಎಣಿಕೆ ಮೂರನೆಯದು. ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಲು ವರ್ಷದಲ್ಲಿ 90 ದಿನ ಕಟ್ಟಡದಲ್ಲೇ ದುಡಿದಿದ್ದೇನೆಂದು ತೋರಿಸಬೇಕು. ಹೀಗೆ 80, 70, 90. ಹೊರುವ ಹೊಟ್ಟೆ ಒಂದೇ ಆಗಿರುವಾಗ ಮೂರು ಲೆಕ್ಕ ಏಕೆಂದು ಕೇಳಬಾರದು.

ಸೂಚನೆ 3: ಸುದ್ದಿ ಹೇಳುವುದು

ಮೂರು ತಿಂಗಳು ತುಂಬುವ ತನಕ ಯಾರ ಹತ್ತಿರವೂ ಬಾಯಿ ಬಿಡಬೇಡ, ದೃಷ್ಟಿಯಾಗುತ್ತದೆ ಎಂದು ಅಮ್ಮ ಹೇಳುತ್ತಾರೆ. ಎಷ್ಟು ಬೇಗ ಆದರೆ ಅಷ್ಟು ಬೇಗ ಬಂದು ತಾಯಿ ಕಾರ್ಡ್ ಮಾಡಿಸಿ ಎಂದು ಆಶಾ ಕಾರ್ಯಕರ್ತೆ ಹೇಳುತ್ತಾರೆ. ಇಬ್ಬರ ಮಾತೂ ಮೀರುವಂತಿಲ್ಲ. ಸರ್ಕಾರದ ದೃಷ್ಟಿ ಬೇಗ ಬಿದ್ದಷ್ಟೂ ಒಳ್ಳೆಯದು ಎಂಬ ಒಂದು ವಿನಾಯಿತಿಯನ್ನು ಅಮ್ಮನಿಂದ ಪಡೆದುಕೊಳ್ಳಿ. (ನಿಮ್ಮ ಹೆಸರು ಬರೆದುಕೊಳ್ಳುವ ಆ ಆಶಾ ಕಾರ್ಯಕರ್ತೆ ಸರ್ಕಾರದ ಲೆಕ್ಕದಲ್ಲಿ ನೌಕರಳಲ್ಲ, ಸ್ವಯಂಸೇವಕಿ. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಅವರ ಹೆರಿಗೆಯ ಕೈಪಿಡಿ ಬೇರೆಯೇ ಬರೆಯಬೇಕು.)

ಆಫೀಸಿಗೆ ಹೇಳುವುದು ಇನ್ನೂ ನಾಜೂಕಿನ ಕೆಲಸ. ಕೆಲಸಕ್ಕೆ ಸೇರುವ ಫಾರಂನಲ್ಲೇ ಎಲ್ಲ ಬರೆದುಕೊಡಬೇಕೇ ಎಂಬ ಅನುಮಾನ ಕೆಲವರಿಗಿದೆ. ಹಿಂದೊಮ್ಮೆ ಎಲ್‌ಐಸಿಯ ಫಾರಂನಲ್ಲಿ ಮಹಿಳಾ ಅಭ್ಯರ್ಥಿಗಳಿಗೆಂದೇ ಕೆಲವು ಕಾಲಂಗಳಿದ್ದವು: ಮುಟ್ಟು ಸರಿಯಾಗಿ ಆಗುತ್ತದೆಯೇ, ಕಳೆದ ಬಾರಿ ಆದ ತಾರೀಖು ಯಾವುದು, ಎಷ್ಟು ಸಲ ಗರ್ಭಿಣಿಯಾಗಿದ್ದಿರಿ, ಗರ್ಭಪಾತ ಆಗಿದೆಯೇ. ವಿಮೆ ಮಾಡಿಸುವವರಿಗಲ್ಲ, ಅಲ್ಲಿ ಕೆಲಸಕ್ಕೆ ಸೇರುವವರಿಗೆ! ತಾರೀಖು ಸುಳ್ಳು ಬರೆದಿದ್ದೀರಿ ಎಂದು, ಹೆರಿಗೆ ರಜೆ ಮುಗಿಸಿ ಬಂದ ಒಬ್ಬ ಪ್ರೊಬೇಷನರ್‌ಳನ್ನು ಮನೆಗೆ ಕಳಿಸಲಾಯಿತು. 1991ರಲ್ಲಿ ಸುಪ್ರೀಂ ಕೋರ್ಟ್ ಆಕೆಯನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಿ ಎಂದಿತು. ಆ ಕಾಲಂಗಳು ನಾಚಿಕೆಗೇಡು, ತೆಗೆದುಹಾಕಿ ಎಂದೂ ಹೇಳಿತು. ಆದ್ದರಿಂದ ಅಂಥ ಕಾಲಂ ಇವತ್ತೂ ಎಲ್ಲಾದರೂ ಕಂಡರೆ ಅಡ್ಡಗೆರೆ ಎಳೆದು ಮುಂದಕ್ಕೆ ಹೋಗಿ.

ಸುದ್ದಿ ಕೇಳಿದ ಮೇಲೆ ಎಚ್‌ಆರ್ ಮೇಡಂ ಎದ್ದು ಕೈ ಕುಲುಕುತ್ತಾರೆ, ಒಂದು ಪೇಡಾನೂ ಬರಬಹುದು. ತಿನ್ನಿ, ತೊಂದರೆಯಿಲ್ಲ. ಆಮೇಲೆ ಶುರುವಾಗುವ ಮಾತಿಗೆ ಕಿವಿ ನೆಟ್ಟಗೆ ಮಾಡಿಕೊಳ್ಳಿ. ‘ನೋಡಮ್ಮಾ, ಈಗ ನಿನ್ನ ಆರೋಗ್ಯ ಮುಖ್ಯ. ಕೆಲಸ ಎಲ್ಲಿ ಹೋಗುತ್ತೆ? ಆರಾಮಾಗಿ ಬಾಣಂತನ ಮುಗಿಸ್ಕೊ, ನಾವೇ ಕರೀತೀವಿ. ಸದ್ಯಕ್ಕೆ ಒಂದು ಲೆಟರ್ ಕೊಟ್ಬಿಡು.’ ಲೆಟರ್ ಎಂದರೆ ರಾಜೀನಾಮೆ. ಬಸುರಿನ ಕಾರಣಕ್ಕೆ ರಜೆಯಲ್ಲಿರುವವಳನ್ನು ಕೆಲಸದಿಂದ ತೆಗೆಯುವುದು ಅಪರಾಧ. ಬಸುರಿಯಾಗಿದ್ದಾಗ ತೆಗೆದುಹಾಕಿದರೂ ಹೆರಿಗೆ ಸೌಲಭ್ಯ ತಪ್ಪಿಸುವಂತಿಲ್ಲ. ಆದರೆ ಅವಳೇ ಬಿಟ್ಟು ಹೋದರೆ ಯಾರು ಏನು ಮಾಡಲಾದೀತು? ಆದ್ದರಿಂದ ಪೇಡಾ ತಿನ್ನಿ, ಪೆನ್ನು ಮುಟ್ಟಬೇಡಿ.

ಫ್ಯಾಕ್ಟರಿಯಲ್ಲಿ ಪೇಡಾ ಇರುವುದಿಲ್ಲ. ದುಪಟ್ಟಾ ಎಷ್ಟು ಅಗಲ ಹರಡಿಕೊಂಡರೂ ಐದನೇ ತಿಂಗಳಿಗೆ ಸೂಪರ್‌ವೈಸರ್‌ಗೆ ಗೊತ್ತಾಗುತ್ತದೆ. ಚೆಕಿಂಗ್ ಟೇಬಲ್ಲಿನ ಮುಂದೆ ಬೆಳಗಿನಿಂದ ಸಂಜೆ ತನಕ ನಿಂತು ಕಾಲು ಊದಿಕೊಂಡಿರುತ್ತದೆ. ದಿನ ಹತ್ತಿರವಾದಾಗ ಹೆಚ್ಚು ಹೊತ್ತು ನಿಲ್ಲುವ ಕೆಲಸ ಬೇಡ, ಕೂತು ಮಾಡುವ ಕೆಲಸ ಕೊಡಿ ಎಂದು ಕೇಳುವ ಹಕ್ಕು ಕಾನೂನಿನಲ್ಲಿದೆ. ಕೇಳಿದರೆ ಬರುವ ಉತ್ತರ ಎಲ್ಲ ಲೈನುಗಳಲ್ಲೂ ಒಂದೇ: ‘ಪ್ರೊಡಕ್ಷನ್ ಯಾರಮ್ಮಾ ಕೊಡ್ತಾರೆ?’

ಸೂಚನೆ 4: ರಜೆ

ಮೊದಲ ಎರಡು ಮಕ್ಕಳಿಗೆ 26 ವಾರ. ಹೆರಿಗೆಗೆ ಮುಂಚೆ ಎಂಟು ವಾರದ ತನಕ ತೆಗೆದುಕೊಳ್ಳಬಹುದು. ಎರಡು ಮಕ್ಕಳು ಆಗಲೇ ಇದ್ದರೆ ಮೂರನೆಯದಕ್ಕೆ 12 ವಾರ. 2017ರ ತಿದ್ದುಪಡಿಗೆ ಮುಂಚೆ ಎಲ್ಲರಿಗೂ ಹನ್ನೆರಡೇ ಇತ್ತು. ಹೆರಿಗೆಯಾದ ಮೇಲಿನ ಆರು ವಾರ ಗೊತ್ತಿದ್ದೂ ಯಾವ ಮಾಲೀಕರೂ ನಿಮ್ಮನ್ನು ಕೆಲಸಕ್ಕೆ ಹಚ್ಚುವಂತಿಲ್ಲ. ಗರ್ಭ ಇಳಿದುಹೋದರೂ ಆರು ವಾರದ ಸಂಬಳ ಸಹಿತ ರಜೆಯಿದೆ. ಇದನ್ನು ಕೇಳಲು ಆ ಹೊತ್ತಿನಲ್ಲಿ ಯಾರಿಗೂ ಬಾಯಿ ಬರುವುದಿಲ್ಲವಾದ್ದರಿಂದ ಮನೆಯವರು ಕೇಳತಕ್ಕದ್ದು.

ವಾರ ಎಂದರೆ ಎಷ್ಟು ದಿನ? ಒಂದನೇ ತರಗತಿಯ ಪ್ರಶ್ನೆ ಎನ್ನಬೇಡಿ, ಇದು ಸುಪ್ರೀಂ ಕೋರ್ಟಿನ ತನಕ ಹೋದ ಪ್ರಶ್ನೆ. ಕೊಯಮತ್ತೂರು ಕಡೆಯ ತೋಟವೊಂದರ ಕೂಲಿ ಹೆಂಗಸೊಬ್ಬಳಿಗೆ 1967ರಲ್ಲಿ ಹೆರಿಗೆಯಾಯಿತು. ತೋಟದವರು 12 ವಾರಕ್ಕೆ 72 ದಿನದ ಕೂಲಿ ಕೊಟ್ಟರು; ಭಾನುವಾರ ನೀನು ಹೇಗೂ ದುಡಿಯುವುದಿಲ್ಲವಲ್ಲ ಎಂಬುದು ಅವರ ಲೆಕ್ಕ. 84 ದಿನದ್ದು ಕೊಡಿ ಎಂದು ಅವಳು ಪಟ್ಟು ಹಿಡಿದಳು. ಲೇಬರ್ ಕೋರ್ಟು, ಹೈಕೋರ್ಟು ಎಲ್ಲ ದಾಟಿ 1977ರಲ್ಲಿ ದೆಹಲಿಯ ನ್ಯಾಯಮೂರ್ತಿಗಳು, ವಾರಕ್ಕೆ ಏಳು ದಿನ, ಭಾನುವಾರವೂ ಸೇರಿ ಎಂದು ತೀರ್ಪು ಕೊಟ್ಟರು. ಹನ್ನೆರಡು ಭಾನುವಾರದ ಕೂಲಿ ಇತ್ಯರ್ಥವಾಗುವ ಹೊತ್ತಿಗೆ ಆ ಮಗುವಿಗೆ ಹತ್ತು ವರ್ಷ ಸಮೀಪಿಸಿತ್ತು.

ಗುತ್ತಿಗೆಯವರಿಗೆ, ದಿನಗೂಲಿಯವರಿಗೆ ರಜೆಯಿಲ್ಲ ಎಂದು ಯಾರಾದರೂ ಹೇಳಿದರೆ ಎರಡು ತೀರ್ಪು ಜೇಬಿನಲ್ಲಿಟ್ಟುಕೊಳ್ಳಿ. ದೆಹಲಿ ನಗರಪಾಲಿಕೆಯ ಮಸ್ಟರ್ ರೋಲ್ ಮಹಿಳೆಯರಿಗೂ ಹೆರಿಗೆ ಸೌಲಭ್ಯ ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2000ದ ಮಾರ್ಚ್ 8ರಂದು. ಮಹಿಳಾ ದಿನಾಚರಣೆಗೆ ಹೂಗುಚ್ಛ ಕೊಡುವ ಕಚೇರಿಗಳು ಆ ದಿನ ಇದನ್ನೂ ಓದಿ ಹೇಳಬಹುದು. ಇನ್ನೊಂದು ದೆಹಲಿಯ ಗುತ್ತಿಗೆ ವೈದ್ಯೆಯೊಬ್ಬರದು. 2017ರ ಜೂನ್ 1ರಿಂದ ರಜೆ ಕೇಳಿದರು, ಗುತ್ತಿಗೆ ಜೂನ್ 11ಕ್ಕೆ ಮುಗಿಯುತ್ತಿತ್ತು. ಹನ್ನೊಂದು ದಿನದ ಸೌಲಭ್ಯ ಕೊಟ್ಟು ಕೈತೊಳೆದುಕೊಂಡರು. ಗುತ್ತಿಗೆಯ ಅವಧಿ ಮುಗಿದರೂ ಸೌಲಭ್ಯ ಮುಗಿಯುವುದಿಲ್ಲ, ಪೂರ್ತಿ ಕೊಡಿ ಎಂದು 2023ರ ಆಗಸ್ಟ್‌ನಲ್ಲಿ ತೀರ್ಪು ಬಂತು. ಗೆದ್ದವರು ವೈದ್ಯೆ. ಆರು ವರ್ಷ ಕೋರ್ಟು ಅಲೆಯಲು ಎಷ್ಟು ಜನ ಕಂಪ್ಯೂಟರ್ ಆಪರೇಟರ್‌ಗಳಿಂದ, ಎಷ್ಟು ಜನ ಅತಿಥಿ ಉಪನ್ಯಾಸಕಿಯರಿಂದ ಆದೀತು?

ಗಂಡನ ರಜೆಯ ವಿಷಯ: ರಾಜ್ಯ ಸರ್ಕಾರಿ ನೌಕರನಾದರೆ 15 ದಿನ. ಖಾಸಗಿಯಾದರೆ ಯಾವ ಕಾನೂನೂ ಇಲ್ಲ, ಕಂಪನಿಯ ದಯೆ.

ಸೂಚನೆ 5: ದುಡ್ಡು

ರಜೆಗೆ ಹೋಗುವ ಮುಂಚಿನ ಮೂರು ತಿಂಗಳಲ್ಲಿ ನೀವು ಕೆಲಸ ಮಾಡಿದ ದಿನಗಳ ಸರಾಸರಿ ಕೂಲಿಯೇ ನಿಮ್ಮ ದಿನದ ದರ. ಹೆರಿಗೆಗೆ ಮುಂಚಿನ ವಾರಗಳ ಹಣವನ್ನು ಗರ್ಭಿಣಿ ಎಂಬ ದಾಖಲೆ ಕೊಟ್ಟೊಡನೆ ಮುಂಗಡವಾಗಿ ಕೊಡಬೇಕು. ಉಳಿದದ್ದನ್ನು ಹೆರಿಗೆಯ ದಾಖಲೆ ಕೊಟ್ಟ 48 ಗಂಟೆಯೊಳಗೆ. ಇದು ಕಾನೂನಿನಲ್ಲಿ ಇರುವ ಮಾತು. ಓದುವಾಗ ನಗು ಬಂದರೆ ಹೊಲಿಗೆ ಜೋಪಾನ.

ಮಾಲೀಕರು ಆಸ್ಪತ್ರೆಯ ಆರೈಕೆಯನ್ನು ಉಚಿತವಾಗಿ ಒದಗಿಸದಿದ್ದರೆ 3,500 ರೂಪಾಯಿ ವೈದ್ಯಕೀಯ ಬೋನಸ್ ಇದೆ. ಈ ಮೊತ್ತ ನಿಗದಿಯಾದದ್ದು 2011ರಲ್ಲಿ. ಹೊಸ ಸಂಹಿತೆಗೂ ಇದೇ 3,500 ಬಂದು ಸೇರಿದೆ. ಈಗಿನ ನರ್ಸಿಂಗ್ ಹೋಮ್‌ನಲ್ಲಿ ಇದನ್ನು ಕೊಟ್ಟರೆ ಗಾಡಿ ನಿಲ್ಲಿಸಲು ಜಾಗ ಸಿಗಬಹುದು.

ಅಂಗನವಾಡಿಯ ಬಾಗಿಲಿಗೆ ಬಂದು ಕಾದಿರುವವರು ಇನ್ನು ಮುಂದೆ ಓದಿ. ನಿಮಗಿರುವುದು ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆ. ಮೊದಲ ಮಗುವಿಗೆ 5,000 ರೂಪಾಯಿ: ಹೆಸರು ನೋಂದಾಯಿಸಿ, ಮುಟ್ಟು ನಿಂತ ಆರು ತಿಂಗಳೊಳಗೆ ಒಂದು ತಪಾಸಣೆ ಆದರೆ 3,000, ಮಗುವಿನ ಜನನ ನೋಂದಣಿಯಾಗಿ ಮೊದಲ ಸುತ್ತಿನ ಲಸಿಕೆ ಬಿದ್ದರೆ 2,000. ಎರಡನೆಯದು ಹೆಣ್ಣಾದರೆ ಒಂದೇ ಕಂತಿನಲ್ಲಿ 6,000. ಎರಡನೆಯದು ಗಂಡಾದರೆ ಏನೂ ಇಲ್ಲ. ಅತ್ತೆ ಗಂಡು ಬೇಕೆನ್ನುತ್ತಾರೆ, ಸರ್ಕಾರ ಹೆಣ್ಣು ಬೇಕೆನ್ನುತ್ತದೆ. ಬಾಣಂತಿ ಇಬ್ಬರಿಗೂ ಉತ್ತರ ಹೇಳಬೇಕು. 2013ರ ಆಹಾರ ಭದ್ರತಾ ಕಾಯ್ದೆ ಗರ್ಭಿಣಿಗೆ 6,000ಕ್ಕೆ ಕಡಿಮೆಯಿಲ್ಲದಂತೆ ಕೊಡಬೇಕೆಂದಿದೆ. ಯೋಜನೆ ಮೊದಲ ಮಗುವಿಗೆ ಐದು ಸಾವಿರಕ್ಕೆ ನಿಂತಿದೆ. ಉಳಿದದ್ದನ್ನು ಜನನಿ ಸುರಕ್ಷಾ ಯೋಜನೆಯ ಲೆಕ್ಕದಲ್ಲಿ ತುಂಬಿಕೊಳ್ಳಿ ಎಂಬುದು ಸರ್ಕಾರದ ಸಮಾಧಾನ.

ಹಣ ನೇರ ಖಾತೆಗೆ ಬರುತ್ತದೆ. ಬರಬೇಕಾದರೆ ಹೆಸರು ಹೊಂದಬೇಕು. ಆಧಾರ್‌ನಲ್ಲಿ ತಂದೆಯ ಹೆಸರು, ತಾಯಿ ಕಾರ್ಡಿನಲ್ಲಿ ಗಂಡನ ಹೆಸರು, ಪಾಸ್‌ಬುಕ್ಕಿನಲ್ಲಿ ಇನಿಶಿಯಲ್ ಹಿಂದುಮುಂದು. ಕಾರ್ಡು ಮಾಡಿಸಿದ್ದು ಗಂಡನ ಊರಿನಲ್ಲಿ, ಮೊದಲ ಹೆರಿಗೆ ತವರಿನಲ್ಲಿ. ಸೀಮಂತಕ್ಕೆ ಬಳೆಯಂಗಡಿಗೆ ಹೋಗುವ ಮುಂಚೆ ಆಧಾರ್ ಸೆಂಟರಿಗೆ ಹೋಗಿ ಬನ್ನಿ.

ಒಂದು ಭಾಗಾಕಾರ ಮಾಡಿ ನೋಡಿ. 26 ವಾರ ಎಂದರೆ 182 ದಿನ. ಐದು ಸಾವಿರವನ್ನು ಅಷ್ಟಕ್ಕೆ ಹಂಚಿದರೆ ದಿನಕ್ಕೆ 27 ರೂಪಾಯಿ ಚಿಲ್ಲರೆ. ಆಫೀಸಿಗೆ ಹೋಗುವ ಮೇಡಂ ಒಬ್ಬರು 26 ವಾರ ಪೂರ್ತಿ ಸಂಬಳದಲ್ಲಿ ಮನೆಯಲ್ಲಿದ್ದಾರೆ. ಅವರ ಬಾಣಂತನದ ಬಟ್ಟೆ ಒಗೆಯುವವಳೂ ಮೊನ್ನೆ ತಾನೇ ಹೆತ್ತವಳು, ಅವಳ ದರ ಇದು. ಇಬ್ಬರ ಮಕ್ಕಳೂ ಹಾಲು ಕುಡಿಯುವುದು ಅಷ್ಟೇ ಸಲ.

ಸೂಚನೆ 6: ಮರಳಿ ಬಂದ ಮೇಲೆ

ಐವತ್ತು ಜನ ನೌಕರರಿದ್ದರೆ ಶಿಶುವಿಹಾರ ಇರಬೇಕು, ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಿ ಬರಲು ಬಿಡಬೇಕು. ಮಗುವಿಗೆ 15 ತಿಂಗಳಾಗುವ ತನಕ ಹಾಲೂಡಿಸಲು ಎರಡು ಬಿಡುವು. ಶಿಶುವಿಹಾರ ಎಲ್ಲಿದೆ ಎಂದು ಕೇಳಿದಾಗ ಹಳೇ ಕುರ್ಚಿ ಪೇರಿಸಿಟ್ಟ ಒಂದು ಕೋಣೆ ತೋರಿಸಿದರೆ, ಗೋಡೆಯ ಮೇಲೆ ಮಿಕ್ಕಿ ಮೌಸ್ ಇದೆಯೇ ನೋಡಿ. ಇದ್ದರೆ ಅದೇ.

ಗಂಭೀರವಾಗಿ ಒಂದು ಮಾತು

ಈ ಕೈಪಿಡಿ ಇಷ್ಟು ಉದ್ದವಾಗಿರುವುದಕ್ಕೆ ಮೂಲ ಕಾರಣ ಒಂದೇ: ಇಎಸ್‌ಐಯ ಹೊರಗಿನವರ 26 ವಾರದ ಸಂಬಳ ಪೂರ್ತಿ ಬೀಳುವುದು ಒಬ್ಬ ಮಾಲೀಕನ ಜೇಬಿನ ಮೇಲೆ. ಆ ಜೇಬಿನವನು ಹೆಣ್ಣುಮಗಳನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗಲೇ ಅವಳ ಹೊಟ್ಟೆ ನೋಡುತ್ತಾನೆ. ಇದು ಹೊಸ ವಿಚಾರವೇನಲ್ಲ. 1919ರಲ್ಲೇ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ಈ ಹಣ ಸಾರ್ವಜನಿಕ ನಿಧಿಯಿಂದಲೋ ವಿಮೆಯಿಂದಲೋ ಬರಬೇಕು ಎಂದಿತ್ತು. 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯ ಮಸೂದೆಯ ಪರವಾಗಿ ಎದ್ದು ನಿಂತ ಅಂಬೇಡ್ಕರ್, ಈ ಹೊರೆಯನ್ನು ಬಹುಮಟ್ಟಿಗೆ ಸರ್ಕಾರವೇ ಹೊರಬೇಕು, ಆದರೆ ಲಾಭ ಪಡೆಯುವ ಮಾಲೀಕನೂ ತಪ್ಪಿಸಿಕೊಳ್ಳುವಂತಿಲ್ಲ ಎಂಬ ಅರ್ಥದ ಮಾತಾಡಿದ್ದರು. ಇಎಸ್‌ಐ ನಡೆಯುವುದು ಹೆಚ್ಚುಕಡಿಮೆ ಈ ದಾರಿಯಲ್ಲೇ: ಎಲ್ಲರ ವಂತಿಗೆ ಒಂದು ಕಡೆ ಸೇರುತ್ತದೆ, ಹೆತ್ತವಳಿಗೆ ಅಲ್ಲಿಂದ ಸಿಗುತ್ತದೆ. ಗಂಡಸರ ಸಂಬಳದಿಂದಲೂ ಶೇ. 0.75 ಕಟ್ಟಾಗುತ್ತದೆ, ಯಾರೂ ಸತ್ತಿಲ್ಲ. ಆ ನಿಧಿಯ ಬಾಗಿಲನ್ನು 21,000ದ ಆಚೆಗೂ, ಹತ್ತು ಜನರ ಈಚೆಗೂ ಪೂರ್ತಿ ತೆರೆಯುವುದು ಬಿಟ್ಟು ಹೊಸ ಸಂಹಿತೆ ಇನ್‌ಸ್ಪೆಕ್ಟರ್ ಸಾಹೇಬರ ಹೆಸರಿಗೆ ‘ಫೆಸಿಲಿಟೇಟರ್’ ಎಂಬ ಬಾಲ ಸೇರಿಸಿದೆ.

ಆ ಬಾಗಿಲು ತೆರೆಯುವ ತನಕ ಕಾಗದವೇ ಗತಿ. ಸಂಬಳದ ಚೀಟಿ, ಇಎಸ್‌ಐ ನಂಬರು, ಸ್ಕ್ಯಾನಿಂಗ್ ರಿಪೋರ್ಟು, ತಾಯಿ ಕಾರ್ಡು ಎಲ್ಲದರ ಫೋಟೋ ತೆಗೆದು ಇನ್ನೊಬ್ಬರ ಫೋನಿನಲ್ಲೂ ಇಡಿ. ಹೆರಿಗೆ ಸೌಲಭ್ಯಗಳೇನೆಂದು ಕೆಲಸಕ್ಕೆ ಸೇರುವ ದಿನವೇ ಬರಹದಲ್ಲಿ ತಿಳಿಸಬೇಕು ಎಂಬ ನಿಯಮ 2017ರ ತಿದ್ದುಪಡಿಯಲ್ಲೇ ಬಂದಿತ್ತು. ನಿಮ್ಮ ನೇಮಕಾತಿ ಪತ್ರವನ್ನು ಇವತ್ತು ರಾತ್ರಿ ತೆಗೆದು ನೋಡಿ. ಅದರಲ್ಲಿ ಆ ಮಾತೇ ಇಲ್ಲದಿದ್ದರೆ ನಾಳೆ ಹೋಗಿ ಬರಹದಲ್ಲಿ ಕೇಳಿ, ಕೇಳಿದ ಕಾಗದದ ನಕಲಿಗೆ ತಾರೀಖು ಸಮೇತ ಸೀಲು ಹಾಕಿಸಿಕೊಂಡು ಬನ್ನಿ.